ಗನ್ನರ್ ಮಹದೇವುವಿನ ಕಿವಿ

ಸೈನ್ಯದಲ್ಲಿ ಸುಬೇದಾರರಾಗಿ ನಿವೃತ್ತರಾಗಿದ್ದ ಚಲುವನಾರಾಯಣ, ಅಂಗವೈಕಲ್ಯ ಪಿಂಚಣಿ ಸಿಗದ ಮಾಜಿ ಸೈನಿಕರಿಗೆ ಮಂಡ್ಯದ ತಮ್ಮ ಮನೆಯಲ್ಲೇ ಕೂತು ಮೇಲ್ಮನವಿ ಬರೆದುಕೊಡುತ್ತಿದ್ದರು. ಯಾರ ಕಾಸನ್ನೂ ಮುಟ್ಟುತ್ತಿರಲಿಲ್ಲ. ಹಾಗೆಯೇ ಯಾರನ್ನೂ ಸುಲಭಕ್ಕೆ ನಂಬುತ್ತಲೂ ಇರಲಿಲ್ಲ. ಹಿಂದೊಮ್ಮೆ ಸೊಂಟ ಬಗ್ಗುವುದಿಲ್ಲವೆಂದು ಅಳುತ್ತ ಬಂದವನಿಗೆ ಮುಂದೆ ನಿಂತು ಪಿಂಚಣಿ ಕೊಡಿಸಿದ್ದರು. ಆಮೇಲೆ ಮಳವಳ್ಳಿಯಲ್ಲಿ ಆತ ಲಾರಿಗೆ ಭತ್ತದ ಮೂಟೆ ಹೊರುತ್ತಿದ್ದುದನ್ನು ಕಣ್ಣಾರೆ ಕಂಡಿದ್ದರು.

ಹನಕೆರೆಯ ಮಹದೇವು ಹೆಂಡತಿ ನಾಗರತ್ನಳ ಜೊತೆ ಬಂದಾಗಲೂ ಅವರಿಗೆ ಗುಮಾನಿಯೇ. ಫಿರಂಗಿ ದಳದಲ್ಲಿ ಗನ್ನರ್ ಆಗಿದ್ದವನನ್ನು, ಎರಡೂ ಕಿವಿ ಮಂದವಾಗಿವೆಯೆಂದು ಸೈನ್ಯ ಮನೆಗೆ ಕಳಿಸಿತ್ತು. ಕಿವುಡಿಗೂ ಸೇವೆಗೂ ಸಂಬಂಧವಿಲ್ಲವೆಂದು ಪಿಂಚಣಿ ನಿರಾಕರಿಸಿತ್ತು.

"ತೋಪಿನ ಸದ್ದಿಗೇ ಓಗಿದ್ದು ಸಾರ್," ಎಂದಳು ನಾಗರತ್ನ. "ಸೇರೋವಾಗ ಕಿವಿ ಸರಿಯಾಗೇ ಇದ್ವು."

ಊರಿಗೆ ಬರುವ ಆಸೆಗೆ ಇವನೇ ನಾಟಕ ಹೂಡಿರಬಾರದೇಕೆ? ಚಲುವನಾರಾಯಣ ದನಿ ತಗ್ಗಿಸಿ, "ಯಾವ ವರ್ಷ ಸೇರಿದ್ದು?" ಎಂದರು. ಅವರ ತುಟಿಯನ್ನೇ ನೋಡುತ್ತಿದ್ದ ಮಹದೇವು ಸರಿಯಾಗಿ ಉತ್ತರಿಸಿದ. ಅವರು ಎದ್ದು ಅವನ ಬೆನ್ನ ಹಿಂದೆ ಹೋಗಿ ಸ್ಟೀಲ್ ಲೋಟವನ್ನು ಬೇಕೆಂದೇ ಕೆಳಗೆ ಬಿಟ್ಟರು. ಅವನು ತಟ್ಟನೆ ತಿರುಗಿದ.

"ಕಾಗದ ಇಲ್ಲೇ ಇರಲಿ, ನೋಡೋಣ," ಎಂದು ಸಾಗಹಾಕಿದರು. ಬರೆಯಲಿಲ್ಲ.

ಮುಂದಿನ ವಾರ ನೆಂಟರ ಮದುವೆಗೆಂದು ಸೋಮನಹಳ್ಳಿಯಲ್ಲಿ ಬಸ್ಸಿಳಿದು ನಡೆಯುತ್ತಿದ್ದಾಗ, ಒಂದು ಕಾರ್ಖಾನೆಯ ಗೇಟಿನಲ್ಲಿ ಕಾವಲುಗಾರನ ಸಮವಸ್ತ್ರ ತೊಟ್ಟ ಮಹದೇವು ಕಂಡ. ರಸ್ತೆಗೆ ಬೆನ್ನು ಹಾಕಿ, ಕಿವಿಗೆ ಫೋನಿಟ್ಟುಕೊಂಡು ನಗುತ್ತ ಮಾತಾಡುತ್ತಿದ್ದ. ಚಲುವನಾರಾಯಣರ ಮೈ ಉರಿಯಿತು.

"ಕಿವುಡ ಅಂತ ಪಿಂಚಣಿ ಕೇಳ್ತೀಯ, ಇಲ್ಲಿ ಫೋನಲ್ಲಿ ಹರಟೆ ಹೊಡೀತೀಯ?" ಎಂದು ಹಿಂದಿನಿಂದಲೇ ಕೂಗಿದರು. ಒಳಗಿದ್ದ ಮೇಲ್ವಿಚಾರಕ ಎದ್ದು ಬಂದ. ಆಚೆ ಬದಿಯ ಬೀಡಾ ಅಂಗಡಿಯವರೂ ತಿರುಗಿ ನೋಡಿದರು. ಮಹದೇವು ಮಾತ್ರ ತಿರುಗಲಿಲ್ಲ. ಅವನ ಮಾತೂ ನಿಲ್ಲಲಿಲ್ಲ.

ಹತ್ತಿರ ಹೋಗಿ ಫೋನು ಕಿತ್ತುಕೊಂಡರು. ಅದು ಆಫ್ ಆಗಿತ್ತು.

"ಯಾರ ಜೊತೆ ಮಾತಾಡ್ತಿದ್ದೆ?"

ಅವರ ತುಟಿ ನೋಡಿ ಮಹದೇವು ಮೆಲ್ಲಗೆ ಹೇಳಿದ: "ಯಾರೂ ಇಲ್ಲ ಸಾಬ್. ಕಿವಿ ಕೇಳಾಕಿಲ್ಲ ಅಂದ್ರೆ ಕೆಲ್ಸಕ್ಕೆ ಮಡಿಕ್ಕತ್ತಾರಾ? ಇಂಗೆ ಮಾತಾಡ್ತಿದ್ರೆ ನೋಡ್ದೋರು ಕೇಳ್ಸುತ್ತೆ ಅನ್ಕತ್ತಾರೆ."

"ಮತ್ತೆ ಅವತ್ತು ಲೋಟ ಬಿದ್ದಾಗ ತಿರುಗಿದೆಯಲ್ಲ?"

"ನಾಗರತ್ನ ಬೆಚ್ಚಿಬಿದ್ಲು. ಅವಳ್ನ ನೋಡಿ ತಿರುಕ್ಕಂಡೆ."

ಮೇಲ್ವಿಚಾರಕ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಚಲುವನಾರಾಯಣ ಎಷ್ಟು ಬೇಡಿಕೊಂಡರೂ, "ಕಿವುಡನ್ನ ಗೇಟಿಗೆ ನಿಲ್ಸಿ ಏನಾರ ಆದ್ರೆ ಯಾರು ಜವಾಬ್ದಾರಿ?" ಎಂದು ಅಂದೇ ಅವನ ಸಮವಸ್ತ್ರ ಬಿಚ್ಚಿಸಿಕೊಂಡ.

ಚಲುವನಾರಾಯಣ ಮದುವೆಗೆ ಹೋಗದೆ ಮನೆಗೆ ಮರಳಿ ಮೇಲ್ಮನವಿ ಬರೆಯಲು ಕೂತರು. ಮೈಸೂರಿಗೆ ಕರೆದೊಯ್ದು ಕಿವಿ ಪರೀಕ್ಷೆ ಮಾಡಿಸಿದರು. ವೈದ್ಯ ಮಂಡಳಿಯ ಮುಂದೆ ಜೊತೆಗೇ ನಿಂತರು. ಅಲ್ಲಿನ ಅಧಿಕಾರಿಯೊಬ್ಬ ಮಹದೇವುವಿನ ಹಿಂದೆ ಬಂದು ಚಪ್ಪಾಳೆ ತಟ್ಟಿದಾಗ ಇವರು ತಲೆ ತಗ್ಗಿಸಿದರು. ಪಿಂಚಣಿಗೆ ಕಾಯುತ್ತ ಮಹದೇವು ಮರದ ಮಿಲ್ಲೊಂದರಲ್ಲಿ ದಿಮ್ಮಿ ಹೊತ್ತ. ಒಂದು ವರ್ಷವಾದ ಮೇಲೆ ಪಿಂಚಣಿಯ ಆದೇಶ ಬಂತು.

ಅದನ್ನು ತಿಳಿಸಲು ಚಲುವನಾರಾಯಣ ತಾವೇ ಹನಕೆರೆಗೆ ಹೋದರು. ಮಹದೇವು ಅವರ ಎರಡೂ ಕೈ ಹಿಡಿದುಕೊಂಡ. "ಗೇಟಲ್ಲಿ ನಿಂತಾಗೆಲ್ಲ ಎದ್ರಿಕೆ ಸಾಬ್, ಯಾವಾಗ ಗೊತ್ತಾಯ್ತದೋ ಅಂತ. ಈಗ ಆ ಎದ್ರಿಕೆ ಇಲ್ಲ."

ನಾಗರತ್ನ ಕಾಫಿ ತಂದಿಟ್ಟಳು. ಗಂಡನಿಗೆ ಬೆನ್ನು ಮಾಡಿ ನಿಂತು ಹೇಳಿದಳು: "ಒಳ್ಳೇದಾಯ್ತು ಸಾರ್. ಮೊದ್ಲೇ ನಂಬಿದ್ರೆ ಇವ್ರ ಕೆಲ್ಸಾನೂ ಉಳೀತಿತ್ತು."

ಚಲುವನಾರಾಯಣ ಲೋಟ ಎತ್ತಿಕೊಂಡರು. ಕಾಫಿ ಕುಡಿದು, ಸದ್ದಾಗದಂತೆ ಕೆಳಗಿಟ್ಟರು.