ಹುಲ್ಲಿಲ್ಲದ ಹಸಿರು

ಬಿದ್ದ ಹಸುವನ್ನು ನಾಲ್ಕು ಜನ ಸೇರಿ ಎತ್ತಬಹುದು. ಏಳುವ ಆಸೆಯನ್ನೇ ಬಿಟ್ಟ ಹಸುವನ್ನು ಎತ್ತುವುದು ಹೇಗೆ? ನಮೀಬಿಯಾದ ಈ ಒಣ ಸೀಮೆಯ ನಮ್ಮ ಹೆರೆರೋ ಜನರ ಹಟ್ಟಿಗಳಲ್ಲಿ ಬರ ಬಿದ್ದ ಆ ವರ್ಷ ಮನೆಮನೆಗೂ ಇದೇ ಗೋಳು.

ಕಾವೇಜೆರಿ ಮುದುಕನ ಹಸು ಒಂದು ಬೆಳಗ್ಗೆ ದೊಡ್ಡಿಯ ಬಾಗಿಲಲ್ಲೇ ಕುಸಿಯಿತು. ಕೆಂಪು ಚುಕ್ಕೆಯ ಆ ಹಸು ಮಗಳು ವೆಟಾರೆರಾಳದು. ಅವಳಿಗೆ ಹೆಸರಿಟ್ಟಾಗ ಅಪ್ಪ ಅವಳ ಪಾಲಿಗೆಂದು ಬಿಟ್ಟ ಕರುವಿನ ಸಂತತಿ. ಮಗಳು ಜ್ವರದಲ್ಲಿ ತೀರಿಕೊಂಡ ಮೇಲೆ ಮನೆಯಲ್ಲಿ ಅವಳದೆಂದು ಉಳಿದಿದ್ದು ಅದೊಂದೇ. ಹೆಂಡತಿ ಕಾವೆರ್ಜುವಾ ಹಸುವಿನ ತಲೆಯನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡು ಕೂತಳು. ಮಧ್ಯಾಹ್ನದ ಹೊತ್ತಿಗೆ ಅದರ ಉಸಿರು ನಿಂತಿತು. ಕರು ಮಾತ್ರ ಬತ್ತಿದ ಕೆಚ್ಚಲಿಗೆ ಮೂತಿ ಗುದ್ದುತ್ತಲೇ ಇತ್ತು.

ಆಗಲೇ ಕಾವೇಜೆರಿಯ ತಮ್ಮನ ಮಗಳು ಜಾಕುರಾಮಾ ಬಂದಳು. ಉಪಗ್ರಹ ತೆಗೆದ ಚಿತ್ರ ನೋಡಿ ಎಲ್ಲೆಲ್ಲಿ ಮರ, ಎಲ್ಲೆಲ್ಲಿ ಪೊದೆ ಎಂದು ನಕ್ಷೆ ಮಾಡುವವರ ಜೊತೆ ಕೆಲಸಕ್ಕಿದ್ದವಳು.

"ಬಾರಮ್ಮ, ಆಕಾಶದೋಳೇ," ಎಂದ ಕಾವೇಜೆರಿ. "ಪಕ್ಕದ ಹಟ್ಟಿಗೆ ಮೇವಿನ ಲಾರಿ ಬಂತು. ನಮಗ್ಯಾಕೆ ಬರ್ಲಿಲ್ಲ?"

"ನಕ್ಷೇಲಿ ನಿಮ್ಮ ಕಡೆಯೆಲ್ಲ ಹಸಿರಿದೆ ದೊಡ್ಡಪ್ಪ. ಮೇವು ಹಂಚೋರು ಅದನ್ನ ನೋಡಿ, ಇವರಿಗೆ ಹುಲ್ಲಿದೆ ಅಂದ್ಕೊಂಡ್ರು."

"ಹಸಿರಂತೆ ಹಸಿರು! ಮುಳ್ಳಿನ ಪೊದೆ ಕಣೇ ಅದು. ಹಸು ನುಗ್ಗೋಕೂ ಜಾಗ ಇಲ್ಲ. ಬುಡದಲ್ಲಿ ಒಂದೆಳೆ ಹುಲ್ಲು ಹುಟ್ಟಲ್ಲ. ಆಕಾಶದಲ್ಲಿ ಕೂತೋನಿಗೆ ಮುಳ್ಳು ಚುಚ್ಚುತ್ತಾ?"

"ಚುಚ್ಚಲ್ಲ. ಅದಕ್ಕೇ ಚುಚ್ಚಿಸ್ಕೊಂಡೋರು ಹೇಳ್ಬೇಕು. ಮೇಲಿಂದ ನೋಡಿದ್ರೆ ಎಲ್ಲ ಹಸಿರೇ. ಇದು ಹುಲ್ಲು, ಇದು ಮುಳ್ಳು, ಇದು ದೊಡ್ಡ ಮರ ಅಂತ ಒಂದಷ್ಟು ಕಡೆ ನೆಲದ ಮೇಲೆ ನಿಂತು ಗುರುತು ಹಾಕ್ಕೊಡ್ಬೇಕು. ಕಂಪ್ಯೂಟರು ಅದನ್ನ ನೋಡ್ಕೊಂಡು ಉಳಿದಿದ್ದನ್ನ ಕಂಡುಹಿಡಿಯುತ್ತೆ. ತಪ್ಪು ಹೇಳ್ಕೊಟ್ರೆ ತಪ್ಪನ್ನೇ ಕಲಿಯುತ್ತೆ."

"ಯಾವನವನು ತಪ್ಪು ಹೇಳ್ಕೊಟ್ಟೋನು?"

ಮಾತಾಡಿದವಳು ಕಾವೆರ್ಜುವಾ.

"ಹೋದ ಮಳೆಗಾಲ ನಕ್ಷೆಯೋರು ಬಂದಾಗ ಹೆಗಲ ಮೇಲೆ ಕೋಲಿಟ್ಕೊಂಡು ಮುಂದೆ ಮುಂದೆ ಹೋದೋರು ಯಾರು? ನೀವಲ್ವಾ?"

ಹೌದು, ಮುಂದೆ ಹೋದವನು ಅವನೇ. ನಮ್ಮ ಜನದ ರೀತಿಯೇ ಹಾಗೆ. ಅತಿಥಿಗೆ ಇದ್ದುದರಲ್ಲಿ ಒಳ್ಳೆಯ ಸೋರೆಬುರುಡೆಯಲ್ಲೇ ಮೊಸರು ಕೊಡುತ್ತೇವೆ, ಬಡಕಲು ದನವನ್ನು ದೊಡ್ಡಿಯ ಹಿಂದೆ ಅಟ್ಟುತ್ತೇವೆ. ಕಾವೇಜೆರಿಯೂ ಬಂದವರನ್ನು ಹಳ್ಳದ ದಡಕ್ಕೆ ಕರೆದೊಯ್ದು, ಹಿರಿಯರ ಮರ ಒಮುಂಬೊರೊಂಬೊಂಗಾವನ್ನೂ ಅದರ ಸುತ್ತಲಿನ ಮೊಣಕಾಲೆತ್ತರದ ಹುಲ್ಲನ್ನೂ ತೋರಿಸಿದ್ದ. ಅವರು ಮುಳ್ಳಿನ ಕಡೆ ಕೈ ಮಾಡಿದಾಗ, "ಅಲ್ಲೂ ಹಿಂಗೇ," ಎಂದುಬಿಟ್ಟಿದ್ದ.

"ಬಂದೋರ ಮುಂದೆ ಮಾನ ಹೋಗ್ಬಾರ್ದು ಅಂತ ಅಂದೆ ಕಣೇ."

"ಮಾನ ಉಳೀತು. ನನ್ನ ಮಗಳ ಹಸು ಉಳೀಲಿಲ್ಲ."

ಕಾವೇಜೆರಿ ಎದ್ದು ದೊಡ್ಡಿಯ ಬೇಲಿ ಹಿಡಿದು ನಿಂತ. ಅಲ್ಲಿಂದಲೇ ಕೇಳಿದ. "ಈಗ ಮುಳ್ಳು ತೋರಿಸಿದ್ರೆ ಹಸು ಎದ್ದು ಬರುತ್ತಾ?"

"ಬರಲ್ಲ ದೊಡ್ಡಪ್ಪ. ಕರು ಇದೆಯಲ್ಲ," ಎಂದಳು ಜಾಕುರಾಮಾ.

"ಮುಳ್ಳು ತೋರಿಸಿದ್ರೆ ಪೊದೆ ಕಡಿಯೋಕೂ ಜನ ಬರ್ತಾರೆ. ಅವರು ಹಿರಿಯರ ಮರಕ್ಕೂ ಕೊಡಲಿ ಹಾಕಿದ್ರೆ?"

"ಹಾಕ್ಬಾರ್ದು ಅಂತಾನೇ ಮರಕ್ಕೊಂದು ಗುರುತು, ಮುಳ್ಳಿಗೊಂದು ಗುರುತು. ನೀನೇ ನಿಂತು ಹಾಕ್ಸು."

ಮರುದಿನ ಮೂವರೂ ಹೊರಟರು. ದಾರಿಯಲ್ಲಿ ಹಿರಿಯರ ಮರ ಸಿಕ್ಕಿತು. ಅದನ್ನು ದಾಟುವಾಗ ಒಂದು ಹಿಡಿ ಹುಲ್ಲು ಕಿತ್ತು ಬುಡದಲ್ಲಿಟ್ಟು ನಮಸ್ಕರಿಸುವುದು ನಮ್ಮ ವಾಡಿಕೆ. ಕಾವೇಜೆರಿ ಬಗ್ಗಿದ. ಕೈಗೆ ಸಿಕ್ಕಿದ್ದು ಮಣ್ಣು. ಮಳೆಗಾಲದಲ್ಲಿ ಅವನು ಮೆರೆಸಿದ್ದ ಹುಲ್ಲನ್ನು ಹಸಿದ ದನಗಳು ಬೇರುಸಹಿತ ತಿಂದಿದ್ದವು. ಅತ್ತ ಹುಡುಕಿದ, ಇತ್ತ ಹುಡುಕಿದ. ಕೊನೆಗೆ ಬರಿಗೈ ಜೋಡಿಸಿ ಮರದ ಮುಂದೆ ನಿಂತು ಮಗುವಿನಂತೆ ಅತ್ತುಬಿಟ್ಟ. ಕಾವೆರ್ಜುವಾ ಅವನ ತೋಳು ಹಿಡಿದುಕೊಂಡಳು.

"ಗುರುತು ಹಾಕ್ಕೋ ಮಗಳೇ," ಎಂದ ಕಣ್ಣೊರೆಸಿಕೊಂಡು. "ಇದು ಮರ. ಹುಲ್ಲಿಲ್ಲ. ಬಾ, ಇನ್ನು ಮುಳ್ಳಿನ ಕಡೆ ಹೋಗೋಣ."

ಸಂಜೆಯವರೆಗೂ ಅವನೇ ಮುಂದೆ ನಡೆದ. ಅಂಗಿ ಹರಿಯಿತು, ಕೈ ರಕ್ತವಾಯಿತು. ಒಂದು ಪೊದೆಯನ್ನೂ ಮುಚ್ಚಿಡಲಿಲ್ಲ.

ನಕ್ಷೆಯ ಬಣ್ಣ ಬದಲಾಯಿತು. ತಡವಾಗಿಯಾದರೂ ಮೇವಿನ ಲಾರಿ ಬಂತು. ಕಾವೆರ್ಜುವಾ ಮೊದಲ ಹಿಡಿಯನ್ನು ಹಿರಿಯರ ಮರದ ಬುಡದಲ್ಲಿಟ್ಟಳು. ಎರಡನೆಯದನ್ನು ಕರುವಿನ ಬಾಯಿಗೆ ಕೊಟ್ಟಳು. ಮೂರನೆಯ ಹಿಡಿ ಎತ್ತಿಕೊಂಡು, ಅಭ್ಯಾಸಬಲದಿಂದ, ಕೆಂಪು ಚುಕ್ಕೆಯ ಹಸು ನಿಲ್ಲುತ್ತಿದ್ದ ಜಾಗದವರೆಗೂ ಹೋಗಿ ನಿಂತುಬಿಟ್ಟಳು.

ಅಣ್ಣಂದಿರೇ, ಅಕ್ಕಂದಿರೇ, ಮರಗಿಡಗಳ ನಕ್ಷೆ ಮಾಡುವವರು ನಾಳೆ ನಿಮ್ಮ ಹುಲ್ಲುಗಾವಲಿಗೂ ಬರಬಹುದು. ಅವರಿಗೆ ಮೊಸರು ಒಳ್ಳೆಯ ಬುರುಡೆಯಲ್ಲೇ ಕೊಡಿ. ನೆಲ ಮಾತ್ರ ಇದ್ದದ್ದು ಇದ್ದ ಹಾಗೆ ತೋರಿಸಿ. ಮುಳ್ಳನ್ನು ಮುಳ್ಳೆನ್ನಿ, ಮರವನ್ನು ಮರವೆನ್ನಿ, ಬೋಳನ್ನು ಬೋಳೆನ್ನಿ. ನಿಮ್ಮ ದೊಡ್ಡಿಯ ಹಸು ಇನ್ನೂ ಕಾಲ ಮೇಲೆ ನಿಂತಿರುವಾಗಲೇ ಹೇಳಿ.