ಈಟ್, ಏಟ್, ಈಟನ್

ಸಂಜೆಯ ಕ್ಲಾಸು ಶುರುವಾಗುತ್ತಿದ್ದುದೇ ಸತ್ತವಳ ದನಿಯಿಂದ. ಮೇಷ್ಟ್ರು ಬಂದು, ಕೊಡೆಯನ್ನು ಮೂಲೆಗೊರಗಿಸಿ, ಮೇಜಿನ ಮೇಲಿದ್ದ ಟೇಪ್ ರೆಕಾರ್ಡರಿನ ಗುಂಡಿ ಒತ್ತುವರು. ಸ್ವಲ್ಪ ಹೊತ್ತು ಬರೀ ಸುರ್ರೆನ್ನುವ ಸದ್ದು. ಆಮೇಲೆ ತಿಳಿನೀರಿನಂಥ ಒಂದು ಹೆಣ್ಣುದನಿ: "ಈಟ್. ಏಟ್. ಈಟನ್." ದಿನವಿಡೀ ದುಡಿದು ಬಂದು ಬೆಂಚಿನ ಮೇಲೆ ಕೂತವರೆಲ್ಲ ಆಕಳಿಕೆ ನುಂಗಿಕೊಂಡು ಅದರ ಹಿಂದೆ ಹೇಳುವರು. ಕಿಟಕಿ ಪಕ್ಕದಲ್ಲಿ ಕೂತ ಇಸ್ತ್ರಿ ಅಕ್ಕ ಮಾತ್ರ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಅದು ಅವಳ ಒಡಹುಟ್ಟಿದ ತಂಗಿಯ ದನಿ. ಆ ಸಂಗತಿ ಕೋಣೆಯಲ್ಲಿ ಬೇರೆ ಯಾರಿಗೂ ಗೊತ್ತಿರಲಿಲ್ಲ. ಮೇಷ್ಟ್ರೂ ಶಾಲೆಗೆ ಹೊಸಬರು.

ತಾಯಿಯಿಲ್ಲದ ಮನೆಯಲ್ಲಿ ತಂಗಿಯನ್ನು ಎತ್ತಿ ಆಡಿಸಿ ದೊಡ್ಡವಳನ್ನಾಗಿ ಮಾಡಿದವಳು ಅಕ್ಕನೇ. ತಾನು ಲಾಂಡ್ರಿಯಲ್ಲಿ ಹೋಟೆಲುಗಳ ಹಾಸುಬಟ್ಟೆಗೆ ಇಸ್ತ್ರಿ ಹಾಕಿ ಹಾಕಿ, ಮುಂಗೈ ತುಂಬ ಸುಟ್ಟ ಗೆರೆಗಳನ್ನು ಮಾಡಿಕೊಂಡು, ಅವಳನ್ನು ಓದಿಸಿದಳು. ತಂಗಿ ಓದಿ ಇದೇ ಸಂಜೆ ಶಾಲೆಯಲ್ಲಿ ಇಂಗ್ಲಿಷ್ ಹೇಳಿಕೊಡುವ ಮೇಡಂ ಆದಳು. ಪಾಠಗಳನ್ನು ಟೇಪಿಗೆ ಹಾಕುವಾಗ ಬೀದಿಯ ಗದ್ದಲ ಒಳಗೆ ಬಾರದಿರಲೆಂದು ಸಾಮಾನು ಕೋಣೆಯ ಗೋಡೆಗೆಲ್ಲ ಕಂಬಳಿ ಕಟ್ಟಿದ್ದರು. ಆ ಕಂಬಳಿಗಳನ್ನು ಲಾಂಡ್ರಿಯಿಂದ ಬೆನ್ನ ಮೇಲೆ ಹೊತ್ತು ತಂದವಳೂ ಅಕ್ಕನೇ.

ಆಮೇಲೆ ತಂಗಿಗೆ ಹೊಟ್ಟೆಯ ಕಾಯಿಲೆ ಹಿಡಿಯಿತು, ಒಂದು ಗುಟುಕು ಹಾಲೂ ಗಂಟಲಲ್ಲಿ ಇಳಿಯದಂಥದು. ತಾನು ತಿನ್ನಲಾರದವಳು ದಿನವೂ ತಪ್ಪದೆ ಕೇಳುತ್ತಿದ್ದಳು, "ಅಕ್ಕಾ, ನಿಂದು ಊಟ ಆಯ್ತಾ?" "ಆಯ್ತು ಕಣೇ" ಎಂದು ಅಕ್ಕ ಬರಿ ಹೊಟ್ಟೆಯಲ್ಲೇ ಹೇಳುತ್ತಿದ್ದಳು. ಒಂದು ಮಧ್ಯಾಹ್ನ ಹಾಗೆ ಹೇಳಿ, ನೀರು ತರಲು ಒಳಗೆ ಹೋಗಿ ಬರುವಷ್ಟರಲ್ಲಿ ತಂಗಿ ಹೋಗಿಬಿಟ್ಟಿದ್ದಳು. "ಆಯ್ತು" ಎಂಬ ಮಾತನ್ನು ಕಿವಿಗೆ ಹಾಕಿಕೊಂಡೇ ಹೋದಳು. "ಇಲ್ಲ ಕಣೇ, ಇನ್ನೂ ಇಲ್ಲ" ಅಂದಿದ್ದರೆ ಇನ್ನೊಂದು ಸಲ ಕೇಳುವುದಕ್ಕಾದರೂ ಇರುತ್ತಿದ್ದಳೇನೋ ಎಂಬ ಮುಳ್ಳು ಅಕ್ಕನ ಎದೆಯಲ್ಲಿ ಮುರಿದುಕೊಂಡು ಕೂತಿತು.

ಟೇಪಿನಲ್ಲಿ ಮೂರು ರೂಪಗಳಾದ ಮೇಲೆ ಪ್ರಶ್ನೆ ಬರುತ್ತಿತ್ತು. "ಹ್ಯಾವ್ ಯೂ ಈಟನ್?" ಅಂದರೆ ಅದೇ, ಊಟ ಆಯ್ತಾ? ಆಮೇಲೆ ಕಲಿಯುವವರು ಉತ್ತರ ಹೇಳಲೆಂದು ಒಂದಿಷ್ಟು ಖಾಲಿ ಜಾಗ. "ಯಸ್, ಐ ಹ್ಯಾವ್ ಈಟನ್" ಎಂದು ಎಲ್ಲರೂ ಒಕ್ಕೊರಲಿನಿಂದ ಕೂಗುವರು. "ವೆರಿ ಗುಡ್" ಎಂದು ದನಿ ಮುಂದಕ್ಕೆ ಹೋಗುವುದು.

ಅಕ್ಕ ಬರುತ್ತಿದ್ದುದು ಆ ಖಾಲಿ ಜಾಗಕ್ಕಾಗಿ. ಟೇಪಿನವಳು ಮಾತಾಡುವಾಗ ಎಲ್ಲರ ಮೇಡಂ. ಸುಮ್ಮನಿದ್ದಾಗ ಮಾತ್ರ ತಂಗಿ. ಕಿವಿಯಿಟ್ಟು ಕೇಳಿದರೆ ಅಲ್ಲಿ ಅವಳ ಉಸಿರು ಹೋಗಿಬರುವುದು ಕೇಳಿಸುತ್ತಿತ್ತು. ಎಂಜಲು ನುಂಗಿದ್ದು ಕೇಳಿಸುತ್ತಿತ್ತು. ಬದುಕಿರುವವಳೊಬ್ಬಳು ಎದುರು ಕೂತು ಉತ್ತರಕ್ಕೆ ಕಾಯುತ್ತಿರುವ ಸದ್ದು. ಎಲ್ಲರೂ "ಯಸ್" ಎನ್ನುವಾಗ ಅಕ್ಕ ಮನಸ್ಸಿನಲ್ಲೇ "ಇಲ್ಲ ಕಣೇ, ಇನ್ನೂ ಇಲ್ಲ" ಎನ್ನುತ್ತಿದ್ದಳು. ಸುಳ್ಳಾಗಬಾರದೆಂದು ಕ್ಲಾಸಿರುವ ದಿನ ಮಧ್ಯಾಹ್ನದಿಂದ ಏನನ್ನೂ ಬಾಯಿಗೆ ಹಾಕುತ್ತಿರಲಿಲ್ಲ. ಬರಬರುತ್ತ ಕ್ಲಾಸಿಲ್ಲದ ದಿನವೂ ಹಸಿವೆ ಅನ್ನಿಸುವುದು ನಿಂತಿತು.

ಲಾಂಡ್ರಿಯಲ್ಲಿ ಬಟ್ಟೆ ಮಡಿಸುವ ಗೆಳತಿ ಒಂದು ದಿನ ಹಾಸುಬಟ್ಟೆಯ ಇನ್ನೊಂದು ತುದಿ ಹಿಡಿದವಳು ಹಾಗೆಯೇ ನಿಂತು ನೋಡಿದಳು.

"ಏನೇ ಇದು, ಹ್ಯಾಂಗರಿಗೆ ಹಾಕಿದ ಹಾಗೆ ನಿನ್ನ ಬಟ್ಟೆ ನೇತಾಡ್ತಿದೆ! ಯಾವ ದೆವ್ವ ಮೆಟ್ಕೊಂಡಿದೆ ನಿಂಗೆ?"

"ದೆವ್ವಾನೂ ಇಲ್ಲ, ಗಾಳೀನೂ ಇಲ್ಲ. ಎಳೆದು ಹಿಡಿ, ಸುಕ್ಕು ಬೀಳುತ್ತೆ."

"ಬಟ್ಟೆ ಸುಕ್ಕು ಇಸ್ತ್ರಿಗೆ ಹೋಗುತ್ತೆ ತಾಯಿ. ಮುಖದ್ದು?"

ಅಕ್ಕ ಇಸ್ತ್ರಿಪೆಟ್ಟಿಗೆ ಒತ್ತಿದಳು. ಉಗಿ ಬುಸ್ಸೆಂದು ಎದ್ದು ನಿಂತಿತು. ಆ ಉಗಿಯ ಸದ್ದು ಅಡಗಿದ ಮೇಲೆ ಉಳಿಯುವ ಮೌನದಲ್ಲೂ ಅವಳಿಗೆ ಈಚೆಗೆ ಯಾರೋ ಕಾಯುತ್ತಿರುವ ಹಾಗೆ ಅನ್ನಿಸುತ್ತಿತ್ತು. ನಲ್ಲಿ ನಿಲ್ಲಿಸಿದಾಗ, ಬಸ್ಸು ದಾಟಿಹೋದಾಗ, ಎಲ್ಲ ಮೌನವೂ ಈಗ ಒಂದು ಪ್ರಶ್ನೆಯ ನಂತರದ ಮೌನವೇ.

ಕ್ಲಾಸಿನಲ್ಲಿ ನಗುವಿಗೇನೂ ಬರವಿರಲಿಲ್ಲ. ಲಾರಿ ಡ್ರೈವರನೊಬ್ಬನಿದ್ದ, ಅವನ ಗಂಟಲಿಗೆ ಹೆದರಿ ಎಲ್ಲರೂ ಅವನನ್ನು ಹಾರನ್ ಎಂದೇ ಕರೆಯುತ್ತಿದ್ದರು. ಒಂದು ಸಂಜೆ ಅವನು ಎದ್ದು ನಿಂತ.

"ಸಾರ್, ನಮ್ಮ ಓನರು ನನ್ನ ತಲೆ ತಿಂದ. ಹಿ ಏಟ್ ಮೈ ಹೆಡ್. ಸರೀನಾ?"

"ಇಂಗ್ಲಿಷಲ್ಲಿ ತಲೆ ತಿನ್ನೋಕಾಗಲ್ಲ ಕಣಯ್ಯ."

"ಬೈಗುಳ ಸಾರ್?"

"ಅದನ್ನೂ ತಿನ್ನಲ್ಲ."

"ಒದೆ?"

"ಊಹೂಂ."

"ಹೋಗ್ಲಿ, ಲಂಚ?"

"ತಗೋತಾರೆ. ತಿನ್ನಲ್ಲ."

"ಹಾಗಾದ್ರೆ ಅವರು ತಿನ್ನೋದಾದ್ರೂ ಏನು ಸಾರ್, ಪಾಪ! ಬರೀ ಬ್ರೆಡ್ಡಾ?"

ಕೋಣೆಯೇ ಬಿದ್ದು ಬಿದ್ದು ನಕ್ಕಿತು. ಮೇಷ್ಟ್ರೂ ನಕ್ಕು, ನಗುವಿನ ಅಲೆಯಲ್ಲೇ ಅಕ್ಕನ ಕಡೆ ತಿರುಗಿದರು. "ಎಲ್ಲಿ, ಅಕ್ಕಾ, ನೀವು ಹೇಳಿ. ತಿನ್ನು?"

"ಈಟ್" ಎಂದಳು ಅಕ್ಕ. "ಈಟೆಡ್."

ಮೇಷ್ಟ್ರ ನಗು ಇಳಿಯಿತು. ಹೋದ ಪರೀಕ್ಷೆಯಲ್ಲೂ ಅವಳು ಇದನ್ನೇ ಹೇಳಿದ್ದಳು, ಅದರ ಹಿಂದಿನದರಲ್ಲೂ ಇದನ್ನೇ. ಪಕ್ಕದವರು ತಡವರಿಸಿದಾಗ ಬಾಯಿಗೆ ಕೈ ಅಡ್ಡ ಹಿಡಿದು ಸರಿಯಾದುದನ್ನು ಹೇಳಿಕೊಡುವವಳು ತನ್ನ ಸರದಿ ಬಂದಾಗ ಕಲ್ಲಾಗುತ್ತಿದ್ದಳು. ಪಾಸಾದವರನ್ನು ಮಹಡಿಯ ಮೇಲಿನ ಕ್ಲಾಸಿಗೆ ಕಳಿಸುತ್ತಿದ್ದರು. ಅಲ್ಲಿ ಟೇಪೂ ಬೇರೆ. ಯಾವನೋ ಗಂಡಸಿನ ದನಿ.

"ನೀವು ಬೇಕಂತಲೇ ತಪ್ಪು ಹೇಳ್ತೀರೇನೋ ಅಂತ ನಂಗೆ ಅನುಮಾನ" ಎಂದರು ಮೇಷ್ಟ್ರು, ಅವಳಿಗೆ ಮಾತ್ರ ಕೇಳುವಂತೆ. "ಮುಂದಿನ ವಾರ ಪರೀಕ್ಷೆ. ಮೇಲೆ ಹೋಗೋಕೆ ಹೆದರಿಕೆ ಏನಕ್ಕಾ?"

ಅಕ್ಕ ಕಿಟಕಿಯ ಕಡೆ ನೋಡಿದಳು.

ಅದೇ ದಿನಗಳಲ್ಲಿ ಆ ಖಾಲಿ ಜಾಗದೊಳಗೆ ಇನ್ನೊಬ್ಬರು ಬಂದರು.

ಎಲ್ಲರೂ ಉತ್ತರ ಹೇಳಿ ಮುಗಿಸಿದ ಮೇಲೆ, ಒಂದು ಉಸಿರಿನಷ್ಟು ತಡವಾಗಿ, ಗೋಡೆಯೊಳಗಿಂದ ಹೊರಟ ಹಾಗೆ, ಸಣ್ಣಗೆ ಒಂದು ಹೆಣ್ಣುದನಿ: "ಯಸ್, ಐ ಹ್ಯಾವ್ ಈಟನ್." ಆಮೇಲೆ ತಂಗಿಯ "ವೆರಿ ಗುಡ್".

ಅಕ್ಕ ಸುತ್ತ ನೋಡಿದಳು. ಯಾರ ತುಟಿಯೂ ಅಲುಗುತ್ತಿರಲಿಲ್ಲ. ಹಾರನ್ ಪೆನ್ಸಿಲಿನಿಂದ ಬೆನ್ನು ಕೆರೆದುಕೊಳ್ಳುತ್ತಿದ್ದ. ಮರುದಿನವೂ ಹಾಗೆಯೇ ಆಯಿತು, ಅದರ ಮರುದಿನವೂ. ತಂಗಿ ಕೇಳುವಳು, ಎಲ್ಲಿಂದಲೋ ಆ ಇನ್ನೊಬ್ಬಳು ಉತ್ತರ ಕೊಡುವಳು. ಅಕ್ಕನಿಗೆ ಮೊದಲು ಹೆದರಿಕೆಯಾಯಿತು. ಆಮೇಲೆ ಆದದ್ದು ಹೆದರಿಕೆಗಿಂತ ಕೆಟ್ಟದು. ಹೋದ ಕಡೆ ತಂಗಿಗೆ ಬೇರೆ ಅಕ್ಕ ಸಿಕ್ಕಿದಳೇ? "ಆಯ್ತು" ಎಂದು ಒಪ್ಪವಾಗಿ ಹೇಳುವವಳು, ಹೊಟ್ಟೆ ತುಂಬ ತಿಂದು ಅವಳ ಮನಸ್ಸು ತಣ್ಣಗಿಡುವವಳು?

ಪರೀಕ್ಷೆಯ ಹಿಂದಿನ ದಿನ ಅವಳು ತಡೆಯಲಾರದೆ ಹೋದಳು. ಟೇಪು ಶುರುವಾಯಿತು, ಪ್ರಶ್ನೆ ಬಂತು, ಎಲ್ಲರೂ ಕೂಗಿದರು. ಗೋಡೆಯೊಳಗಿನ ದನಿ ಬಾಯಿ ತೆರೆಯುವ ಮೊದಲೇ ಅಕ್ಕ ದಡಕ್ಕನೆ ಎದ್ದು ಹೋಗಿ ಬಾಗಿಲು ಎಳೆದಳು.

ಹೊರಗಿನ ಓಣಿಯಲ್ಲಿ ಗೋಡೆಗೆ ತಲೆ ಒರಗಿಸಿಕೊಂಡು ಒಬ್ಬ ಹೆಂಗಸು ನಿಂತಿದ್ದಳು. ಕಣ್ಣು ಮುಚ್ಚಿತ್ತು. ಪಾತ್ರೆ ತೊಳೆದು ತೊಳೆದು ಬೆರಳ ತುದಿಗಳು ಬಿಳಿಚಿ ನೆರಿಗೆಗಟ್ಟಿದ್ದವು. "...ಹ್ಯಾವ್ ಈಟನ್" ಎಂದು ಮುಗಿಸಿ ಕಣ್ಣು ಬಿಟ್ಟವಳು, ಅಕ್ಕನನ್ನು ಕಂಡು ಬೆಚ್ಚಿ ಒಂದು ಹೆಜ್ಜೆ ಹಿಂದೆ ಸರಿದಳು.

"ಬೈಬೇಡಿ ಅಕ್ಕ. ನಾನೇನೂ ಗಲಾಟೆ ಮಾಡಲ್ಲ."

ಅಕ್ಕ ಬಾಗಿಲನ್ನು ಹಿಂದೆ ಎಳೆದುಕೊಂಡಳು. "ಇಲ್ಲೇನು ಮಾಡ್ತಿದೀಯಮ್ಮ?"

"ಒಳಗೆ ಸೀಟಿಲ್ಲವಂತೆ. ಒಂದು ಖಾಲಿಯಾಗಬೇಕಿತ್ತು, ಅದ್ಯಾರೋ ಪಾಸೇ ಆಗ್ತಿಲ್ಲವಂತೆ. ದಡ್ಡರು ಅಂತ ಕಾಣುತ್ತೆ, ಪಾಪ." ಹೆಂಗಸು ಮೆಲ್ಲಗೆ ನಕ್ಕಳು. "ಈ ಕ್ಲಾಸಿನ ಸರ್ಟಿಫಿಕೇಟ್ ಇದ್ರೆ ನಂಗೆ ಆಸ್ಪತ್ರೇಲಿ ಕೆಲಸ ಕೊಡ್ತಾರಂತೆ. ಆಗ ಮಗಳನ್ನ ಕರೆಸ್ಕೋಬಹುದು. ಅಜ್ಜಿ ಹತ್ರ ಬಿಟ್ಟು ಬಂದಿದೀನಿ. ಈಗ ಫೋನಲ್ಲಿ ಅಮ್ಮ ಅನ್ನೋದನ್ನೂ ಮರೀತಿದಾಳೆ. ಅದಕ್ಕೆ, ಒಳಗೆ ಸೇರಿಸ್ಕೊಳ್ಳೋವರೆಗೂ ಇಲ್ಲೇ ನಿಂತು ಕಲಿಯೋಣ ಅಂತ."

ಅಕ್ಕ ಗೋಡೆಯ ಕಡೆ ನೋಡಿದಳು. ಹೆಂಗಸು ನಿಂತ ಜಾಗದಲ್ಲಿ ಗೋಡೆಯ ಸುಣ್ಣದ ಮೇಲೆ ಅವಳ ತಲೆಯೊರಗಿ ಒರಗಿ ಎಣ್ಣೆಯ ಕಲೆ ಮೂಡಿತ್ತು.

"ಆ ಮೇಡಂ ದನಿ ಎಷ್ಟು ಚೆನ್ನಾಗಿದೆ, ಅಲ್ವಾ ಅಕ್ಕ?" ಎಂದಳು ಹೆಂಗಸು. "ನಿಜ ಹೇಳ್ಲಾ? ಈ ಊರಲ್ಲಿ ನನ್ನ ಊಟ ಆಯ್ತಾ ಅಂತ ಕೇಳೋರು ಅವರೊಬ್ರೇ."

"ಆಗಿದೆಯಾ?"

"ಎಲ್ಲಿ! ಕೆಲಸದಿಂದ ಸೀದಾ ಓಡಿ ಬರ್ತೀನಿ. ಪಾಠದಲ್ಲಿ ಹಾಗಿದೆಯಲ್ಲ, ಅದಕ್ಕೆ ಯಸ್ ಅಂತೀನಿ. ಅವರು ವೆರಿ ಗುಡ್ ಅಂತಾರೆ."

ಒಳಗೆ ದನಿ ಇನ್ನೇನನ್ನೋ ಹೇಳುತ್ತಿತ್ತು. ಅಕ್ಕ ಮೊದಲ ಸಲ ಅದಕ್ಕೆ ಬೆನ್ನು ಕೊಟ್ಟು ನಿಂತಿದ್ದಳು. ಬರಿ ಹೊಟ್ಟೆಯಲ್ಲಿ "ಆಯ್ತು" ಎಂದವಳು ತಾನೊಬ್ಬಳೇ ಅಲ್ಲ. ಇವಳು ನಿತ್ಯವೂ ಹಾಗೆ ಹೇಳುತ್ತಿದ್ದಳು, ಹೇಳಿದ್ದಕ್ಕೆ ಯಾರೂ ಸಾಯಲಿಲ್ಲ. ತಾನು ಇಷ್ಟು ಕಾಲ "ಇಲ್ಲ" ಎಂದಿದ್ದಳು, ಅದಕ್ಕೆ ಯಾರೂ ಉಳಿಯಲೂ ಇಲ್ಲ. ಬರೀ ಒಂದು ಬೆಂಚಿನ ತುದಿ ಸಿಕ್ಕದೆ, ದೂರದಲ್ಲೆಲ್ಲೋ ಒಂದು ಮಗು ತಾಯಿಯನ್ನು ಮರೆಯುತ್ತಿತ್ತು.

ಮರುದಿನ ಪರೀಕ್ಷೆ. ಟೇಪು ಮುಚ್ಚಿತ್ತು. ಮೇಷ್ಟ್ರು ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳುತ್ತ ಬಂದರು. ಅಕ್ಕನ ಸರದಿ ಬಂದಾಗ ಹಾರನ್ ಮೊದಲೇ ಕೈ ಅಡ್ಡ ಹಿಡಿದು, ಕೋಣೆಗೆಲ್ಲ ಕೇಳುವಂತೆ ಪಿಸುಗುಟ್ಟಿದ: "ಏಟ್! ಏಟ್ ಅನ್ನಿ ಅಕ್ಕ!"

"ಸುಮ್ನಿರಯ್ಯ" ಎಂದರು ಮೇಷ್ಟ್ರು. "ಹೇಳಿ ಅಕ್ಕ."

"ಈಟ್" ಎಂದಳು. "ಏಟ್." ಮೂರನೆಯದು ನಾಲಿಗೆಯ ತುದಿಯಲ್ಲಿ ಬಂದು ನಿಂತಿತು. ಟೇಪು ನಿಂತಿದ್ದರೂ ಆ ಮೌನದಲ್ಲಿ ಯಾರೋ ಉಸಿರಾಡಿದರು, ಎಂಜಲು ನುಂಗಿದರು. ತಂಗಿ ಕಾಯುತ್ತಿದ್ದಳು. ಇನ್ನು ಸ್ವಲ್ಪ ಹೊತ್ತು ಹೀಗೆಯೇ ನಿಂತರೆ ಇನ್ನು ಸ್ವಲ್ಪ ಹೊತ್ತು ಇರುವಳು. ಅಕ್ಕನಿಗೆ ಅದು ಗೊತ್ತಿತ್ತು. ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಳು.

"ಈಟನ್."

ಉಸಿರು ನಿಂತುಹೋಯಿತು. ಅದು ತನ್ನದೇ ಉಸಿರೆಂದು ಅಕ್ಕನಿಗೆ ಆಮೇಲೆ ತಿಳಿಯಿತು. ಹಾರನ್ ಬೆಂಚು ಗುದ್ದಿ ಕೂಗಿದ, ಎಲ್ಲರೂ ಚಪ್ಪಾಳೆ ತಟ್ಟಿದರು. "ಅಂತೂ ಇಂತೂ!" ಎಂದರು ಮೇಷ್ಟ್ರು. "ನಾಳೆಯಿಂದ ಮಹಡಿ ಮೇಲೆ."

ಮರುದಿನ ಅಕ್ಕ ಕೆಳಗಿನ ಬಾಗಿಲನ್ನು ದಾಟುವಾಗ ಒಳಗೆ ಇಣುಕಲಿಲ್ಲ. ಮಹಡಿಯ ಮೆಟ್ಟಿಲ ತಿರುವಿನವರೆಗೆ ಹತ್ತಿದಳು. ಅಲ್ಲೇ ಕೂತಳು. ಹೊಟ್ಟೆ ಚುರುಗುಟ್ಟಿತು, ಆ ಚುರುಕು ಮರೆತೇ ಹೋಗಿತ್ತು. ಗೆಳತಿ ಬೈದು ಬೈದು ಚೀಲಕ್ಕೆ ತುರುಕಿ ಕಳಿಸಿದ್ದ ಬ್ರೆಡ್ಡು, ಬೇಯಿಸಿದ ಮೊಟ್ಟೆ ಇತ್ತು. ಮೊಟ್ಟೆಯ ಸಿಪ್ಪೆ ಸುಲಿದು ಬ್ರೆಡ್ಡಿನ ಜೊತೆ ಬಾಯಿಗಿಟ್ಟಳು.

ಕೆಳಗೆ ಟೇಪು ಶುರುವಾಯಿತು. ಮುಚ್ಚಿದ ಬಾಗಿಲಿನಾಚೆಯಿಂದ, ಬಾವಿಯೊಳಗಿನಿಂದ ಬಂದಂತೆ, ಮೂರೂ ರೂಪಗಳು ಒಂದಾದ ಮೇಲೊಂದು ಬಂದವು. ಆಮೇಲೆ ತಂಗಿ ಕೇಳಿದಳು.

ಕ್ಲಾಸು ಕೂಗಿ ಹೇಳಿತು. ಅದರ ಹಿಂದೆಯೇ, ಈಗ ಒಳಗಿನಿಂದ, ಪಾತ್ರೆ ತೊಳೆಯುವವಳ ದನಿಯೂ ಕೇಳಿಸಿತು.

ಅಕ್ಕ ತಲೆಯೆತ್ತಿದಳು. ಏನೋ ಹೇಳಹೋದಳು. ಬಾಯಿ ತುಂಬ ಬ್ರೆಡ್ಡಿತ್ತು.

ತಂಗಿ ಕಾಯಲಿಲ್ಲ. "ವೆರಿ ಗುಡ್" ಎಂದು ಮುಂದಿನ ಮಾತಿಗೆ ಹೋದಳು.