ಗಾಯರಾಣದ ಬೇಲಿ ತೆಗೆಸಿದವರು

ಮಲ್ಲಟದ ಹತ್ತಿರದ ಒಂದು ಸಣ್ಣ ಊರು. ೧೯೪೯ರ ಮಾತು. ಊರಿನ ದನಕುರಿ ಮೇಯಲೆಂದೇ ಬಿಟ್ಟಿದ್ದ ಗಾಯರಾಣಕ್ಕೆ ಗೌಡ ಒಂದು ದಿನ ಮುಳ್ಳುಬೇಲಿ ಹಾಕಿಸಿ, ಅರ್ಧಕ್ಕೆ ನೇಗಿಲು ಹೂಡಿಸಿಬಿಟ್ಟ. ಕುರಿ ಸಾಕಿ ಬದುಕುತ್ತಿದ್ದ ಮಾಳಿಂಗಪ್ಪ ಬೇಲಿಯ ತನಕ ಹೋಗಿ, ಹಸಿದ ಕುರಿಗಳನ್ನು ಹಾಗೇ ತಿರುಗಿಸಿಕೊಂಡು ಬಂದ.

“ಕುರಿ ಮಾರಿ ರಾಯಚೂರಿಗೆ ಹೋಗೂಣು. ಹಮಾಲಿ ಮಾಡ್ತೀನಿ,” ಎಂದ.

ಹೆಂಡತಿ ಬಾಲಮ್ಮ ಒಪ್ಪಲಿಲ್ಲ. ಕಂಬಳಿ ಮಾರಲು ಮಾನ್ವಿ ಸಂತೆಗೆ ಹೋದವಳು, ತಹಸೀಲ್ ಕಚೇರಿ ಮುಂದೆ ಅರ್ಜಿ ಬರೆಯುವ ಹುಸೇನಪೀರರನ್ನು ಕೇಳಿ ತಿಳಿದುಕೊಂಡು ಬಂದಿದ್ದಳು.

“ಗಾಯರಾಣ ಗೌಡಂದಲ್ಲ, ಊರಂದು. ನಕಾಶೆದಾಗ ಅದ ಅಂತ. ಕೇಳಿದ್ರ ನಕಲು ಕೊಡ್ತಾರಂತ.”

“ಕಾಗದೆಲ್ಲ ನಿಜಾಮನ ಕಾಲದ್ದು, ಉರ್ದುದಾಗ ಇರ್ತಾವ. ನಮಗ ಕನ್ನಡನೂ ಓದಾಕ ಬರಂಗಿಲ್ಲ. ಗೌಡನ ಮುಂದ ನನ್ನ ಮಾತು ಯಾರು ಕೇಳ್ತಾರ?”

“ನೀ ಒಬ್ಬಾವ ಹೇಳಬ್ಯಾಡ. ಹತ್ತು ಮನಿಯವರು ಕೂಡಿ ಹೇಳೂಣು.”

ಮರುವಾರ ಮಾಳಿಂಗಪ್ಪನೂ ಸೇರಿ ಹತ್ತು ಮನೆಯವರು ಮಾನ್ವಿಗೆ ನಡೆದರು. ಹುಸೇನಪೀರರು ಅರ್ಜಿ ಬರೆದು, ಅದರಲ್ಲಿ ಏನಿದೆಯೆಂದು ಕನ್ನಡದಲ್ಲಿ ಹೇಳಿದ ಮೇಲೆಯೇ ಹೆಬ್ಬೆಟ್ಟು ಒತ್ತಿಸಿದರು.

“ಅರ್ಜಿ ಕೊಟ್ಟಿದ್ದಕ್ಕ ರಸೀದಿ ತಗೋರಿ. ಕರೆದ ತಾರೀಖಿಗೆ ತಪ್ಪದ ಬರ್ರಿ,” ಎಂದರು.

ವಿಚಾರಣೆಗೆ ಕರೆದ ತಾರೀಖಿನ ಹಿಂದಿನ ದಿನ ಗೌಡ ಮಾಳಿಂಗಪ್ಪನನ್ನು ಕರೆಸಿದ. “ನಿನ್ನ ಕುರಿಗಷ್ಟ ದಾರಿ ಬಿಡಸ್ತೀನಿ. ನಾಳೆ ಹೋಗಬ್ಯಾಡ.”

ಹೂಂ ಅಂದರೆ ಸಂಜೆಯೊಳಗೆ ಮಾಳಿಂಗಪ್ಪನ ಹಿಂಡಿನ ಹೊಟ್ಟೆ ತುಂಬುತ್ತಿತ್ತು. ಆದರೆ ಅರ್ಜಿಯಲ್ಲಿ ಅವನ ಹೆಬ್ಬೆಟ್ಟಿನ ಕೆಳಗೇ ಗಂಡನಿಲ್ಲದ ಜಂಬಮ್ಮನದೂ ಇತ್ತು. ಅವಳಿಗಿದ್ದದ್ದು ಎರಡೇ ಮೇಕೆ.

“ಎಲ್ಲಾರಿಗೂ ಬಿಡಸ್ರಿ ಗೌಡ್ರ. ಇಲ್ಲಂದ್ರ ನಾಳೆ ನಾ ಹೋಗಾವನ,” ಎಂದು ಕೈಮುಗಿದು ಬಂದ.

ಎರಡು ತಾರೀಖು ಮುಂದೆ ಹೋದವು. ಎರಡು ಸಲವೂ ಹತ್ತು ಮನೆಯವರು ತಪ್ಪದೆ ಹೋದರು. ಮೂರನೆಯ ಸಲ ತಹಸೀಲ್ದಾರರು ನಕಾಶೆ ತರಿಸಿ ನೋಡಿ, ಕಂದಾಯದ ಅಧಿಕಾರಿ ಗಿರ್ದಾವರರನ್ನು ಅಳತೆಗೆ ಕಳಿಸಿದರು. ಊರೆಲ್ಲ ನೋಡುತ್ತಿದ್ದಂತೆ ಸರಪಳಿ ಎಳೆದರು. ಬೇಲಿ ಗಾಯರಾಣದೊಳಗೇ ಇತ್ತು. ತೆಗೆಯಬೇಕೆಂದು ಹುಕುಂ ಆಯಿತು. ಗೌಡನ ಆಳುಗಳೇ ಮುಳ್ಳು ಕಿತ್ತರು.

ಮೊದಲು ಒಳಗೆ ನುಗ್ಗಿದ್ದು ಜಂಬಮ್ಮನ ಮೇಕೆಗಳು. ಮಾಳಿಂಗಪ್ಪ ಹೆಂಡತಿಗೆ, “ಇನ್ನೊಮ್ಮಿ ಯಾರರ ಬೇಲಿ ಹಾಕಿದ್ರ ನಾನ ಮೊದ್ಲು ಕಚೇರಿಗೆ ಹೋಗ್ತೀನಿ,” ಎಂದ.

ಅಣ್ಣಂದಿರೇ, ಅವ್ವಂದಿರೇ, ಕಾಯ್ದೆ ಓದುಬರಹ ಬಲ್ಲವರಿಗಷ್ಟೇ ಮೀಸಲಲ್ಲ. ನಿಮ್ಮೂರಿನ ಗಾಯರಾಣವನ್ನೋ ಕೆರೆಯ ದಾರಿಯನ್ನೋ ಯಾರಾದರೂ ಒತ್ತಿಕೊಂಡರೆ ಊರು ಬಿಡಬೇಡಿ. ನಕಾಶೆಯ ನಕಲು ಕೇಳಿ. ಅರ್ಜಿಯನ್ನು ಓದಿಸಿ, ತಿಳಿದುಕೊಂಡು ಹೆಬ್ಬೆಟ್ಟು ಒತ್ತಿ. ರಸೀದಿ ಜೋಪಾನ ಮಾಡಿ. ತಾರೀಖಿಗೆ ಒಬ್ಬರೇ ಹೋಗಬೇಡಿ, ಎಲ್ಲರೂ ಹೋಗಿ.